ಗಣಿ ತಿಂದ ನೆಲದಲ್ಲಿ ವಿಮಾನ ಇಳಿಯಲಿ, ಆದರೆ ಮೊದಲು ಆ ನೆಲವನ್ನು ಪರೀಕ್ಷಿಸಿ

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಾ ಕುಳಿತಿದ್ದೆವು. ಮಾತು ಹೊಸ ನವಿಮುಂಬಯಿ ವಿಮಾನ ನಿಲ್ದಾಣದತ್ತ ಹೊರಳಿತು. ದಕ್ಷಿಣ ಕನ್ನಡದ ಹಿರಿಯ ಸದಸ್ಯರೊಬ್ಬರು ನನ್ನತ್ತ ತಿರುಗಿ, "ನಾವು ಮಂಗಳೂರಿನವರು ಬೆಳಿಗ್ಗೆ ಇಲ್ಲಿ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇವೆ. ಹುಬ್ಬಳ್ಳಿಯವರಿಗೂ ವಿಮಾನ ಇದೆ. ನಿಮ್ಮ ಬಳ್ಳಾರಿಗೆ ಯಾವಾಗ ಮಾರಾಯ್ರೆ?" ಎಂದು ಕೇಳಿದರು. ಅವರು ಕೇಳಿದ್ದು ತಮಾಷೆಗೆ. ನಾನೂ ನಕ್ಕು ಸುಮ್ಮನಾದೆ. ಆದರೆ ಮನೆಗೆ ಬರುವಾಗ ಲೋಕಲ್ ರೈಲಿನಲ್ಲಿ ಕುಳಿತು ಯೋಚಿಸಿದಾಗ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇಲ್ಲವೆಂಬುದು ಮನವರಿಕೆಯಾಯಿತು.

ಬಳ್ಳಾರಿ ಕಡೆಯವರ ಪ್ರಯಾಣ ಹೇಗಿರುತ್ತದೆಂದು ಬಲ್ಲವರೇ ಬಲ್ಲರು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಸೊಲ್ಲಾಪುರ, ಕಲಬುರಗಿ, ರಾಯಚೂರು ದಾಟಿ ಅಪರಾತ್ರಿಯಲ್ಲಿ ಗುಂತಕಲ್ಲಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಇನ್ನೊಂದು ರೈಲಿಗೋ ಮೊದಲ ಬಸ್ಸಿಗೋ ಕಾಯಬೇಕು. ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ಹೋಗುವಾಗ ಈ ಕಷ್ಟ ಕಷ್ಟವೆನಿಸುವುದಿಲ್ಲ. ನನ್ನ ತಂದೆಯವರು ತೀರಿಕೊಂಡ ದಿನ ಮಾತ್ರ ಎನಿಸಿತು. ಹಿರಿಯ ಮಗ ಬಂದು ಮುಖ ನೋಡಲೆಂದು ಊರಿನವರು ಒಂದು ಹಗಲು, ಒಂದು ರಾತ್ರಿ ಕಾದರು. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಊರಿನ ದೂರ ಕಿಲೋಮೀಟರಿನದಲ್ಲ, ಇಂಥ ಗಂಟೆಗಳದ್ದು.

ಆದ್ದರಿಂದ ಬಳ್ಳಾರಿಗೆ ಒಳ್ಳೆಯ ವಿಮಾನ ನಿಲ್ದಾಣ ಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಎಲ್ಲಿ ಬೇಕು, ಯಾರ ನೆಲದಲ್ಲಿ ಬೇಕು ಎಂಬುದೇ ಪ್ರಶ್ನೆ. ಈ ಬಗ್ಗೆ ನಮ್ಮ ಸಂಘ-ಸಂಸ್ಥೆಗಳ ಬಂಧುಗಳ ಮುಂದೆ ನಾಲ್ಕು ಮಾತು ಇಡಬೇಕೆಂದು ಈ ಲೇಖನ.

ಹಳೆಯದು ಊರೊಳಗೆ, ಹೊಸದು ಕಾಗದದಲ್ಲಿ

ಬಳ್ಳಾರಿಗೆ ವಿಮಾನ ನಿಲ್ದಾಣವೇ ಇಲ್ಲವೆಂದಲ್ಲ. ಕಂಟೋನ್ಮೆಂಟ್ ಪ್ರದೇಶದಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಹಳೆಯ ನಿಲ್ದಾಣವಿದೆ. ಊರು ಬೆಳೆದು ಅದನ್ನು ಸುತ್ತುವರಿದಿದೆ. ಸುತ್ತಮುತ್ತ ಬಳ್ಳಾರಿಯ ಬಂಡೆಗುಡ್ಡಗಳು ಬೇರೆ. ದೊಡ್ಡ ವಿಮಾನಗಳಿಗೆ ಬೇಕಾದಷ್ಟು ಉದ್ದಕ್ಕೆ ರನ್‌ವೇ ಎಳೆಯಲು ಅಲ್ಲಿ ಜಾಗವಿಲ್ಲ. ಹಾಗಾಗಿ ಬದಲಿ ನಿಲ್ದಾಣದ ಯೋಚನೆ ಹುಟ್ಟಿತು. ನಗರದ ಸಮೀಪದ ಚಾಗನೂರು-ಸಿರಿವಾರ ಗ್ರಾಮಗಳ ಸುಮಾರು 900 ಎಕರೆ ನೆಲವನ್ನು ಗುರುತಿಸಲಾಯಿತು. 2010ರಲ್ಲಿ ಸರಕಾರ ಮತ್ತು ಖಾಸಗಿ ಸಹಭಾಗಿತ್ವದಲ್ಲಿ ನಿರ್ಮಿಸುವುದೆಂದು ಹೊರರಾಜ್ಯದ ಸಂಸ್ಥೆಯೊಂದರ ಜತೆ ಒಪ್ಪಂದವೂ ಆಯಿತು. ನೀರಾವರಿ ಕಾಣುವ ಫಲವತ್ತಾದ ಭೂಮಿ ಎಂದು ರೈತರು ವಿರೋಧಿಸಿದರು, ಚಳವಳಿ ನಡೆಸಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ವರ್ಷಗಳು ಉರುಳಿದವು, ಒಪ್ಪಂದ ಮುರಿದು ಬಿತ್ತು. ಅಲ್ಲಿಂದ ಈವರೆಗೆ ಒಂದು ವಿಮಾನವೂ ಹಾರಿಲ್ಲ.

ಅದೇ ಕಾಲಕ್ಕೆ ಖಾಸಗಿ ಸಹಭಾಗಿತ್ವವೆಂದು ಆರಂಭವಾಗಿ ನಿಂತುಹೋದ ಇನ್ನೆರಡು ಯೋಜನೆಗಳನ್ನು ನೋಡಿ. ಕಲಬುರಗಿಯದನ್ನು ಸರಕಾರವೇ ಕೈಗೆತ್ತಿಕೊಂಡು ಮುಗಿಸಿತು, 2019ರ ನವೆಂಬರಿನಲ್ಲಿ ಅದು ಉದ್ಘಾಟನೆಯಾಯಿತು. ಶಿವಮೊಗ್ಗದ್ದು 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ರಾಜಧಾನಿಯಲ್ಲಿ ಮನಸ್ಸು ಮಾಡಿದರೆ ನಿಂತ ಕೆಲಸವೂ ಮುಗಿಯುತ್ತದೆ ಎಂಬುದಕ್ಕೆ ಇವೆರಡೇ ಸಾಕ್ಷಿ.

"ತೋರಣಗಲ್ಲಿನಲ್ಲಿ ಇದೆಯಲ್ಲ?" ಎಂದು ಕೆಲವರು ಕೇಳಬಹುದು. ಇದೆ. ಅದು ಉಕ್ಕು ಕಾರ್ಖಾನೆಯವರು ಕಟ್ಟಿಸಿಕೊಂಡ ವಿದ್ಯಾನಗರದ ನಿಲ್ದಾಣ. ಉಡಾನ್ ಯೋಜನೆಯಡಿ 2017ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಹೈದರಾಬಾದಿಗೆ ಟ್ರೂಜೆಟ್ ವಿಮಾನ ಆರಂಭವಾದಾಗ ನಾವೆಲ್ಲ ಸಂತೋಷಪಟ್ಟೆವು. ಆ ವಿಮಾನ ಸಂಸ್ಥೆ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಖಾಸಗಿಯವರ ನಿಲ್ದಾಣದಿಂದ ಜನರಿಗಾದ ಉಪಕಾರವನ್ನು ಮರೆಯಬಾರದು. ಆದರೆ ಒಂದು ಜಿಲ್ಲೆಯ, ಅಕ್ಕಪಕ್ಕದ ವಿಜಯನಗರ, ಕೊಪ್ಪಳ ಜಿಲ್ಲೆಗಳ ಜನರ ಹಕ್ಕಿನ ಬಾಗಿಲು ಒಂದು ಕಾರ್ಖಾನೆಯ ಅನುಕೂಲವನ್ನು ಅವಲಂಬಿಸಿರಬಾರದು.

ಒಬ್ಬ ಹಿರಿಯರ ಪ್ರಶ್ನೆ

ಕೆಲ ವರ್ಷಗಳ ಹಿಂದೆ ಊರಿಗೆ ಹೋಗಿದ್ದಾಗ ನನ್ನ ತಂಗಿಯ ಮಾವನವರು ಕಟ್ಟೆಯ ಮೇಲೆ ಕುಳಿತು ಆಡಿದ ಮಾತು ನನಗೆ ಈಗಲೂ ನೆನಪಿದೆ. ಅವರು ಓದಿದವರಲ್ಲ, ಕಾಲುವೆ ನೀರಿನಲ್ಲಿ ಭತ್ತ, ಮೆಣಸಿನಕಾಯಿ ಬೆಳೆದು ಮಕ್ಕಳನ್ನು ಓದಿಸಿದವರು. "ವಿಮಾನ ಬರ್ಲಿ ಬಿಡಪ್ಪ, ಬ್ಯಾಡ ಅನ್ನಾಕ ನಾವ್ಯಾರು? ಆದ್ರ ನೀರು ಹರಿಯೋ ಹೊಲಾನ ಯಾಕ ಬೇಕು? ಆ ಕಡಿ ಅಷ್ಟು ಗುಡ್ಡ ಅಗದು ಹಾಳು ಬಿಟ್ಟಾರಲ್ಲ, ಅಲ್ಲಿ ಇಳೀಲಿ" ಎಂದರು.

ಇಷ್ಟು ಸರಳವಾದ ಪ್ರಶ್ನೆಯನ್ನು ಯೋಜನೆ ಹಾಕಿದವರು ಮೊದಲೇ ಏಕೆ ಕೇಳಿಕೊಳ್ಳಲಿಲ್ಲ? ಗಣಿಗೆ ಹೆಸರಾದ ಜಿಲ್ಲೆಯಲ್ಲಿ ಅಗೆದು ಬಿಟ್ಟ ನೆಲಕ್ಕೆ ಬರವಿಲ್ಲ. ಆದರೂ ಸರಕಾರದ ಕಣ್ಣು ಬಿದ್ದದ್ದು ಅನ್ನ ಕೊಡುವ ನೆಲದ ಮೇಲೆ. ಗಣಿ ತಿಂದ ನೆಲವನ್ನು ಮೊದಲು ಹುಡುಕಿ, ಅದು ಆಗದೆಂದು ಖಚಿತವಾದ ಮೇಲೆ ಮಾತ್ರ ಬೇರೆಡೆ ನೋಡಿ ಎಂಬುದೇ ನನ್ನ ವಾದ. ಆದರೆ ಅಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಮಾತಾಗುತ್ತದೆ. ಆ ಹಿರಿಯರ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ತಿಳಿದ ಕೆಲವು ಕಹಿ ಸತ್ಯಗಳನ್ನೂ ಹೇಳಬೇಕು.

ಗಣಿ ಕೊಟ್ಟದ್ದು, ಕಿತ್ತುಕೊಂಡದ್ದು

ಈ ಶತಮಾನದ ಆರಂಭದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಚಿನ್ನದ ಬೆಲೆ ಬಂತು. ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಗಿಡಮರ, ಮನೆಯ ಮಾಡು, ಒಣಹಾಕಿದ ಬಟ್ಟೆ, ಕುಡಿಯುವ ನೀರು ಎಲ್ಲವೂ ಕೆಂಪು. ಆ ಕಾಲದಲ್ಲಿ ಊರಿಗೆ ಹೋಗಿ ಬಂದ ನಮ್ಮ ಬಿಳಿ ಅಂಗಿಗಳು ಮತ್ತೆ ಬಿಳಿಯಾಗಲಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈ 27ರಂದು ಸರಕಾರದ ಕೈ ಸೇರಿತು. ಎರಡು ದಿನ ಕಳೆಯುವಷ್ಟರಲ್ಲಿ, ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮುಂದೆ ತುಮಕೂರು, ಚಿತ್ರದುರ್ಗ ಜಿಲ್ಲೆಗಳಿಗೂ ಆ ತಡೆ ವಿಸ್ತರಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅತಿ ಹೆಚ್ಚು ಅಕ್ರಮ ಕಂಡುಬಂದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಗಣಿ ನಡೆಸಬೇಕಾದರೆ ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆಗೆ ಒಪ್ಪಲೇಬೇಕಾಯಿತು.

ಅದಿರಿನ ಹರಾಜಿನಿಂದ ಬಂದ ಹಣದ ಪಾಲು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ ಸಂಗ್ರಹವಾಯಿತು. ಅದನ್ನು ಬಳಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ರಚನೆಯಾಯಿತು. ಆ ಹಣದಿಂದ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಯನ್ನು ನಡೆಸಲು 2022ರಲ್ಲಿ ಸುಪ್ರೀಂ ಕೋರ್ಟ್ ದಾರಿ ಮಾಡಿಕೊಟ್ಟು, ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಅಂದರೆ ಕೆಟ್ಟ ನೆಲವೂ ಇದೆ, ಅದನ್ನು ಸರಿಪಡಿಸುವ ಹಣವೂ ಇದೆ, ನ್ಯಾಯಾಲಯದ ಕಣ್ಣೂ ಇದೆ.

ಹಾಗಾದರೆ ತಡವೇಕೆ, ಒಂದು ಹಳೇ ಗಣಿಯನ್ನು ಮಟ್ಟ ಮಾಡಿ ರನ್‌ವೇ ಹಾಕಿದರಾಯಿತಲ್ಲ ಎಂದು ಅನಿಸುವುದು ಸಹಜ. ನನಗೂ ಹಾಗೇ ಅನಿಸಿತ್ತು.

ಗುಡ್ಡದ ಗಣಿ ಬೇರೆ, ಬಯಲಿನ ಗಾಯ ಬೇರೆ

ಮೊದಲನೆಯ ಕಹಿ ಸತ್ಯ ಇದು: ಸಂಡೂರಿನ ಗಣಿಗಳು ಬಹುತೇಕ ಗುಡ್ಡಸಾಲಿನ ಮೇಲಿವೆ, ಅದರಲ್ಲಿ ಹೆಚ್ಚಿನದು ಅರಣ್ಯ. ಗಣಿ ಗುತ್ತಿಗೆ ಮುಗಿದ ಮಾತ್ರಕ್ಕೆ ಅರಣ್ಯ ಭೂಮಿ ಬೇರೆ ಕೆಲಸಕ್ಕೆ ಸಿಗುವುದಿಲ್ಲ, ಸಿಗಲೂಬಾರದು. ಅಲ್ಲಿ ಮತ್ತೆ ಕಾಡು ಬರಬೇಕು. ಬಳ್ಳಾರಿಯಂಥ ಬಿಸಿಲಿನ ಸೀಮೆಯಲ್ಲಿ ಹಸಿರು ಉಳಿಸಿಕೊಂಡ ಗುಡ್ಡಗಳೆಂದರೆ ಅವೇ. ಅವುಗಳ ತಲೆ ಕಡಿದು ಮಟ್ಟ ಮಾಡಿ ವಿಮಾನ ಇಳಿಸುವುದು ಮಾಡಿದ ತಪ್ಪಿಗೆ ಇನ್ನೊಂದು ತಪ್ಪನ್ನು ಸೇರಿಸಿದಂತೆ.

ವಿಮಾನದ ದೃಷ್ಟಿಯಿಂದಲೂ ಅದು ಸರಿಯಲ್ಲ. ಏರ್‌ಬಸ್ ತರಗತಿಯ ವಿಮಾನಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ರನ್‌ವೇ ಬೇಕು. ಎರಡೂ ತುದಿಗಳಲ್ಲಿ ಸುರಕ್ಷತೆಗಾಗಿ ಇನ್ನಷ್ಟು ಸಮನೆಲ ಬೇಕು. ವಿಮಾನ ಏರುವ, ಇಳಿಯುವ ದಾರಿಯಲ್ಲಿ ಹಲವು ಕಿಲೋಮೀಟರ್‌ವರೆಗೆ ಗುಡ್ಡ, ಚಿಮಣಿ, ಗೋಪುರಗಳ ಅಡ್ಡಿ ಇರಬಾರದು. ರನ್‌ವೇ ಆ ಭಾಗದ ಗಾಳಿ ಬೀಸುವ ದಿಕ್ಕಿಗೆ ಹೊಂದಿಕೊಂಡಿರಬೇಕು. ಗಣಿ ಹೊಂಡಗಳಲ್ಲಿ ಮಳೆನೀರು ನಿಂತರೆ ಹಕ್ಕಿಗಳು ಬರುತ್ತವೆ. ಕೆರೆಯ ಹಕ್ಕಿ ಕಣ್ಣಿಗೆ ಚೆಂದ, ವಿಮಾನದ ಇಂಜಿನ್ನಿಗೆ ಗಂಡಾಂತರ.

ಆದರೆ ಗಣಿಯ ಗಾಯ ಗುಡ್ಡದ ಮೇಲೆ ಮಾತ್ರ ಆದದ್ದಲ್ಲ. ಆ ಅದಿರಿನ ಕಾಲದಲ್ಲಿ ಬಯಲಿಗಿಳಿದ ಅದಿರನ್ನು ಗುಡ್ಡೆ ಹಾಕಲು ರಸ್ತೆ ಬದಿಯ, ರೈಲು ಹಳಿ ಬದಿಯ ಹೊಲಗಳು ಸ್ಟಾಕ್‌ಯಾರ್ಡುಗಳಾದವು. ದುಡ್ಡಿನ ಆಸೆಗೆ ಸಣ್ಣ ರೈತರೂ ತಮ್ಮ ಹೊಲದ ಮೇಲ್ಮಣ್ಣು ಕೆರೆದು ಅದಿರು ಮಾರಿದರು. ಆ ನೆಲಗಳಲ್ಲಿ ಹಿಂದಿನಂತೆ ಬೆಳೆ ಬರುವುದು ಕಷ್ಟ. ಗುಡ್ಡದಿಂದ ದೂರವಿರುವ, ಅರಣ್ಯವಲ್ಲದ, ನೀರಾವರಿಯಿಲ್ಲದ ಇಂಥ ಬಯಲು ನೆಲಗಳನ್ನು ಸರ್ವೆ ನಂಬರು ಸಮೇತ ಗುರುತಿಸಿ, ಅಕ್ಕಪಕ್ಕದ ಸರಕಾರಿ ಬಂಜರನ್ನೂ ಸೇರಿಸಿದರೆ ಒಂದು ನಿಲ್ದಾಣಕ್ಕೆ ಸಾಲುವಷ್ಟು ನೆಲ ಒಂದೇ ಕಡೆ ಸಿಗುತ್ತದೆಯೇ? ಇದನ್ನು ಪ್ರಾಮಾಣಿಕವಾಗಿ ಹುಡುಕಿ, ಸಿಕ್ಕಿದ್ದನ್ನೂ ಸಿಗದ್ದನ್ನೂ ಜನರ ಮುಂದೆ ಇಡಬೇಕು. ಕಲಬುರಗಿ, ಶಿವಮೊಗ್ಗಗಳ ನಿಲ್ದಾಣಗಳು 800 ಎಕರೆಯೊಳಗೇ ಮುಗಿದಿವೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ತುಂಬಿದ ಮಣ್ಣನ್ನು ನಂಬುವ ಮೊದಲು

ಎರಡನೆಯ ಕಹಿ ಸತ್ಯ ಇನ್ನೂ ಮುಖ್ಯ. ಗಣಿ ನೆಲವೆಂದರೆ ಅಗೆದು, ಸುರಿದು, ತುಂಬಿದ ನೆಲ. ಡಂಪರುಗಳು ಮೇಲಿನಿಂದ ಸುರಿದ ಮಣ್ಣುಕಲ್ಲು ನೋಡಲು ಗಟ್ಟಿಯಾಗಿ ಕಂಡರೂ ಒಳಗೆ ಸಡಿಲ. ವರ್ಷಗಟ್ಟಲೆ ಅದು ಕುಸಿಯುತ್ತಲೇ ಇರುತ್ತದೆ. ಮಳೆನೀರು ಇಂಗಿದಾಗ ಇನ್ನಷ್ಟು ಕುಸಿಯುತ್ತದೆ. ಮನೆ ಕಟ್ಟಿಸಿದವರಿಗೆ ಇದು ಗೊತ್ತು: ಪಾಯದ ಒಂದು ಮೂಲೆ ಗಟ್ಟಿ ನೆಲದಲ್ಲಿ, ಇನ್ನೊಂದು ಮೂಲೆ ತುಂಬಿದ ಮಣ್ಣಿನಲ್ಲಿ ಇದ್ದರೆ ಗೋಡೆ ಸೀಳುತ್ತದೆ. ಮನೆಯ ಗೋಡೆಗೆ ಸಿಮೆಂಟು ಮೆತ್ತಬಹುದು. ವಿಮಾನ ನೆಲ ಮುಟ್ಟುವಾಗ ರನ್‌ವೇ ಒಂದು ಕಡೆ ತಗ್ಗಿದ್ದರೆ ಮೆತ್ತಲು ಸಮಯವಿರುವುದಿಲ್ಲ. ಆದ್ದರಿಂದ ಹಳೆಯ ತುಂಬು ಮಣ್ಣನ್ನು ತೆಗೆದು, ತೆಳು ಪದರಗಳಾಗಿ ಹಾಸಿ, ಪ್ರತಿ ಪದರಕ್ಕೂ ನೀರು ಕೊಟ್ಟು ರೋಲರ್ ಓಡಿಸಿ, ಪರೀಕ್ಷಿಸಿ ಮೇಲೆ ಬರಬೇಕು. ಇದಕ್ಕೆ ಹಣವೂ ಬೇಕು, ತಾಳ್ಮೆಯೂ ಬೇಕು.

ಅಮೆರಿಕದ ವೆಸ್ಟ್ ವರ್ಜೀನಿಯಾ ಕಲ್ಲಿದ್ದಲಿನ ರಾಜ್ಯ. ಅಲ್ಲಿನ ಮಿಂಗೋ ಕೌಂಟಿಯಲ್ಲಿ ಹಳೆಯ ಸಣ್ಣ ನಿಲ್ದಾಣಕ್ಕೆ ಬದಲಾಗಿ, ಕಲ್ಲಿದ್ದಲಿಗಾಗಿ ತಲೆ ಕಡಿದ ಬೆಟ್ಟದ ಮೇಲೆ ಹೊಸದನ್ನು ಕಟ್ಟಿ 2012ರಲ್ಲಿ ತೆರೆದರು. ಅಮೆರಿಕದ 1977ರ ಗಣಿ ಕಾಯ್ದೆಯ ಪ್ರಕಾರ, ಅಗೆಯಲು ಅನುಮತಿ ಕೇಳುವಾಗಲೇ ಅಗೆದ ಮೇಲೆ ಆ ನೆಲ ಏನಾಗಬೇಕೆಂದು ಹೇಳಬೇಕು. ಅಗೆಯುವ ಮೊದಲೇ ಯೋಚಿಸುವ ಈ ಪದ್ಧತಿಯನ್ನು ನಾವು ಕಲಿಯಬೇಕು. ಬಳ್ಳಾರಿಯಲ್ಲಿ ಮೊದಲು ಅಗೆದು, ನ್ಯಾಯಾಲಯ ಗದರಿಸಿದ ಮೇಲೆ ಯೋಚಿಸಲು ಕುಳಿತೆವು.

ಅದೇ ರಾಜ್ಯದ ರಾಜಧಾನಿ ಚಾರ್ಲ್ಸ್‌ಟನ್‌ನಲ್ಲಿ ಇನ್ನೊಂದು ಪಾಠವಿದೆ. ಅದು ಗಣಿ ನೆಲವಲ್ಲ, ಬೆಟ್ಟದ ತುದಿಗಳನ್ನು ಕತ್ತರಿಸಿ ಕಣಿವೆ ತುಂಬಿ ಮಾಡಿದ ನಿಲ್ದಾಣ. ರನ್‌ವೇ ದಾಟಿದ ವಿಮಾನ ಹೂತು ನಿಲ್ಲಲೆಂದು ತುದಿಯಲ್ಲಿ ಮೆದು ಹಾಸೊಂದನ್ನು ಮಾಡಿದ್ದರು. 2010ರ ಜನವರಿಯಲ್ಲಿ 34 ಜನರಿದ್ದ ವಿಮಾನವೊಂದನ್ನು ಆ ಹಾಸೇ ಹಿಡಿದು ನಿಲ್ಲಿಸಿತು, ಎಲ್ಲರೂ ಉಳಿದರು. ಆದರೆ ಆ ಹಾಸನ್ನು ಹೊತ್ತಿದ್ದ ಎತ್ತರದ ಮಣ್ಣಿನ ಇಳಿಜಾರು 2015ರ ಮಾರ್ಚ್‌ನಲ್ಲಿ ಕುಸಿದು ಕೆಳಗಿನ ಚರ್ಚನ್ನೂ ಒಂದು ಮನೆಯನ್ನೂ ನುಂಗಿತು. ಜೀವ ಉಳಿಸಿದ ವ್ಯವಸ್ಥೆಯನ್ನು ಕೆಳಗಿನ ತುಂಬು ಮಣ್ಣು ಐದು ವರ್ಷ ಕಳೆದ ಸ್ವಲ್ಪದರಲ್ಲೇ ಕೈಬಿಟ್ಟಿತು. ಅಷ್ಟು ಶ್ರೀಮಂತ ದೇಶದಲ್ಲಿ, ಲೆಕ್ಕ ಹಾಕಿ ಕಟ್ಟಿದ ಇಳಿಜಾರಿಗೇ ಈ ಗತಿಯಾದರೆ, ಲೆಕ್ಕವಿಲ್ಲದೆ ಸುರಿದ ಗಣಿ ಮಣ್ಣಿನ ಮೇಲೆ ಎಷ್ಟು ಎಚ್ಚರ ಬೇಕು?

ನಮಗೆ ಅಮೆರಿಕದ ಉದಾಹರಣೆಯೇ ಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆಯನ್ನು ಈ ಪುಟದ ಓದುಗರು ಮರೆತಿರಲಾರರು. ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಉಳಿದವರು ಎಂಟೇ ಜನ. ಈ ಮಹಾನಗರದ ಎಷ್ಟೋ ಮನೆಗಳಲ್ಲಿ ಅಂದು ಟಿವಿಯ ಮುಂದೆ ಕುಳಿತು ಅತ್ತವರಿದ್ದರು. ತಪ್ಪು ಇಳಿಸಿದವರದೆಂದು ತನಿಖೆ ಹೇಳಿತು, ಅದು ನಿಜ. ಆದರೆ ಗುಡ್ಡದ ಮೇಲಿನ ರನ್‌ವೇ ಮನುಷ್ಯನ ಒಂದು ತಪ್ಪನ್ನೂ ಕ್ಷಮಿಸುವುದಿಲ್ಲ ಎಂಬುದೂ ಅಷ್ಟೇ ನಿಜ. ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರ ರಾತ್ರಿ ಮಳೆಯಲ್ಲಿ ಕೋಝಿಕ್ಕೋಡಿನ ಗುಡ್ಡದ ನಿಲ್ದಾಣದಲ್ಲಿ ಮತ್ತೆ ಅದೇ ಕಥೆಯಾಗಿ, ಇಬ್ಬರೂ ಪೈಲಟ್‌ಗಳು ಸೇರಿ 21 ಮಂದಿ ಅಸುನೀಗಿದರು. ಅಂಥ ಮೂರನೆಯ ನಿಲ್ದಾಣವನ್ನು ನಾವಾಗಿಯೇ ಕಟ್ಟಿಕೊಳ್ಳುವುದು ಬೇಡ. ಗಣಿ ನೆಲ ಬೇಕು ಎನ್ನುವ ನಾನೇ ಹೇಳುತ್ತೇನೆ, ಪರೀಕ್ಷೆಯಲ್ಲಿ ಆ ನೆಲ ಸೋತರೆ ಅದನ್ನು ಬಿಟ್ಟುಬಿಡಿ.

ನವಿಮುಂಬಯಿ ನಮ್ಮ ಕಣ್ಣೆದುರಿಗೇ ಆಯಿತು

ನೆಲವನ್ನು ಬದಲಾಯಿಸಿ ನಿಲ್ದಾಣ ಕಟ್ಟುವುದೆಂದರೆ ಏನೆಂದು ನೆರೂಲ್, ಬೇಲಾಪುರ, ಪನ್ವೇಲ್ ಕಡೆಯ ಕನ್ನಡಿಗರು ಪ್ರತಿದಿನ ಕಂಡಿದ್ದಾರೆ. ಉಲ್ವೆಯ ಬೆಟ್ಟವನ್ನು ಸ್ಫೋಟಿಸಿ ತಗ್ಗಿಸಿದರು, ಉಲ್ವೆ ನದಿಯ ದಿಕ್ಕು ಬದಲಿಸಿದರು, ಜೌಗು ನೆಲ ತುಂಬಿ ಎತ್ತರಿಸಿದರು, ಹಳ್ಳಿಗಳನ್ನು ಎಬ್ಬಿಸಿದರು. 1,160 ಹೆಕ್ಟೇರಿನ ಆ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಗಿ ಡಿಸೆಂಬರ್ 25ರಿಂದ ಪ್ರಯಾಣಿಕರ ವಿಮಾನಗಳು ಹಾರತೊಡಗಿದವು. ಜಾಗ ಸೂಚಿಸಿದ್ದು ತೊಂಬತ್ತರ ದಶಕದಲ್ಲಿ. ನೆಲದ ಕೆಲಸ ಎಷ್ಟು ಕಾಲ ತಿನ್ನುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಅಲ್ಲಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇದೆ. ನೆಲ ಕೊಟ್ಟ ಆಗ್ರಿ, ಕೋಳಿ ಜನರು ದಶಕಗಳ ಹೋರಾಟದಿಂದ, ಕೊಟ್ಟ ನೆಲಕ್ಕೆ ಪ್ರತಿಯಾಗಿ ಶೇ. 22.5ರಷ್ಟು ಅಭಿವೃದ್ಧಿಪಡಿಸಿದ ಜಾಗವನ್ನು ಪಡೆಯುವ ಹಕ್ಕನ್ನು ಗಳಿಸಿಕೊಂಡರು. ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಪರಿಹಾರವಲ್ಲ ಅದು, ಮುಂದೆ ಬೆಳೆಯುವ ಊರಿನಲ್ಲಿ ಪಾಲು. ಎಲ್ಲವೂ ಸುಸೂತ್ರವಾಯಿತೆಂದು ನಾನು ಹೇಳುವುದಿಲ್ಲ, ಕೊರಗು ಇನ್ನೂ ಇದೆ. ಆದರೂ ಆ ಮಾದರಿ ಚಾಗನೂರು-ಸಿರಿವಾರದವರಿಗೆ ಸಿಕ್ಕಿದ್ದರೆ ಕಥೆ ಬೇರೆಯೇ ಆಗುತ್ತಿತ್ತೇನೋ.

ಆ 900 ಎಕರೆಯ ವಿಷಯಕ್ಕೂ ಒಂದು ತೀರ್ಮಾನ ಬೇಕು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ, ಸ್ವಾಧೀನಪಡಿಸಿಕೊಂಡ ನೆಲವನ್ನು ಐದು ವರ್ಷ ಬಳಸದಿದ್ದರೆ ಅದು ಮೂಲ ಮಾಲೀಕರಿಗೆ ಅಥವಾ ಸರಕಾರದ ಭೂಬ್ಯಾಂಕಿಗೆ ಹೋಗಬೇಕೆಂಬ ಕಲಮು ಇದೆ. ಅದಕ್ಕಿಂತ ಹಿಂದಿನ ಈ ಪ್ರಕರಣಕ್ಕೆ ಆ ಕಲಮಿನ ಅಕ್ಷರ ಅನ್ವಯಿಸುವುದೋ ಇಲ್ಲವೋ ವಕೀಲರು ವಾದಿಸಲಿ. ಅದರ ಆಶಯ ಮಾತ್ರ ಸಾಮಾನ್ಯರಿಗೂ ಅರ್ಥವಾಗುತ್ತದೆ: ಬಳಸುವುದಾದರೆ ಬಳಸಿ, ಇಲ್ಲವಾದರೆ ಬಿತ್ತುವವರಿಗೆ ಬಿಡಿ. ಹದಿನೈದು ವರ್ಷ ರೈತನನ್ನೂ ಪ್ರಯಾಣಿಕನನ್ನೂ ಒಟ್ಟಿಗೆ ಕಾಯಿಸುವುದು ಯಾವ ನ್ಯಾಯ?

ವಿಮಾನ ಯಾರಿಗೆ?

"ವಿಮಾನ ಹತ್ತುವವರು ಎಷ್ಟು ಜನ? ಧೂಳು ಕುಡಿದ ಬಡವನಿಗೆ ಅದರಿಂದೇನು?" ಎಂಬ ಪ್ರಶ್ನೆಯನ್ನು ನಮ್ಮ ಸಂಘದ ಕಿರಿಯ ಮಿತ್ರರೊಬ್ಬರು ಎತ್ತಿದರು. ನ್ಯಾಯವಾದ ಪ್ರಶ್ನೆ. ಬಳ್ಳಾರಿಯ ಜೀನ್ಸ್ ಉದ್ಯಮದವರು ಮುಂಬಯಿ ಮಾರುಕಟ್ಟೆಗೆ ಬಂದು ಹೋಗುವವರು. ಹಂಪಿಗೆ ದೇಶವಿದೇಶದ ಪ್ರವಾಸಿಗರು ಬರುತ್ತಾರೆ. ತುರ್ತು ಚಿಕಿತ್ಸೆಗೆ ದೊಡ್ಡ ಊರಿಗೆ ಓಡುವವರಿದ್ದಾರೆ. ನಮ್ಮಂಥ ಹೊರನಾಡಿನವರಿದ್ದೇವೆ. ಇವರೆಲ್ಲರಿಗೂ ನಿಲ್ದಾಣದಿಂದ ಅನುಕೂಲವಾಗುತ್ತದೆ, ಅದರ ಸುತ್ತ ಕೆಲಸವೂ ಹುಟ್ಟುತ್ತದೆ. ಆದರೆ ನಿಲ್ದಾಣ ಬಂದರೆ ಊರು ತಾನಾಗಿ ಉದ್ಧಾರವಾಗುತ್ತದೆಂದು ನಾನು ನಂಬಿಲ್ಲ. ತೋರಣಗಲ್ಲಿನಲ್ಲಿ ಆರಂಭವಾದ ವಿಮಾನ ನಿಂತದ್ದನ್ನು ನಾವೇ ಕಂಡಿದ್ದೇವೆ.

ಆದ್ದರಿಂದ ಗಣಿ ಪುನಶ್ಚೇತನದ ಹಣದ ಬಗ್ಗೆ ನನ್ನ ನಿಲುವು ಸ್ಪಷ್ಟ. ಆ ಹಣದ ಮೊದಲ ಹಕ್ಕುದಾರರು ಧೂಳಿನಿಂದ ಶ್ವಾಸ ಕೆಟ್ಟವರು, ಕುಡಿಯುವ ನೀರಿಲ್ಲದ ಹಳ್ಳಿಗಳು, ಗಣಿ ನಿಂತು ಕೆಲಸ ಕಳೆದುಕೊಂಡ ಕೂಲಿಕಾರರು, ಬೋಳಾದ ಗುಡ್ಡಗಳು. ರನ್‌ವೇ, ಟರ್ಮಿನಲ್ ಕಟ್ಟುವ ಖರ್ಚನ್ನು ಆ ಹಣದಿಂದ ಎತ್ತಬಾರದು. ಕಲಬುರಗಿಗೆ, ಶಿವಮೊಗ್ಗಕ್ಕೆ ಸರಕಾರ ತನ್ನ ಬೊಕ್ಕಸದಿಂದ ಕೊಟ್ಟಂತೆ ಇಲ್ಲಿಗೂ ಕೊಡಲಿ. ಗಣಿಯಿಂದ ಕೆಟ್ಟ ನೆಲವನ್ನು ಗಟ್ಟಿ ಮಾಡುವ, ಅದರ ಮಣ್ಣು-ನೀರು ಶುದ್ಧ ಮಾಡುವ ಭಾಗಕ್ಕೆ ಮಾತ್ರ ಆ ಹಣ ಬಳಸಬಹುದು, ಏಕೆಂದರೆ ಆ ಕೆಲಸ ನಿಲ್ದಾಣ ಬರದಿದ್ದರೂ ಆಗಲೇಬೇಕಾದದ್ದು.

ನಾವು ಮಾಡಬಹುದಾದದ್ದು

ಹೊರನಾಡಿನ ಸಂಘಗಳು ನಾಡಹಬ್ಬ, ಯಕ್ಷಗಾನ, ವಿದ್ಯಾರ್ಥಿವೇತನ, ಸಾಮೂಹಿಕ ವಿವಾಹಗಳನ್ನು ಅಚ್ಚುಕಟ್ಟಾಗಿ ನಡೆಸುತ್ತವೆ. ಊರಿಂದ ಮಂತ್ರಿಗಳು ಬಂದಾಗ ಪೇಟ ತೊಡಿಸಿ, ಶಾಲು ಹೊದಿಸಿ, ಸ್ಮರಣಿಕೆ ಕೊಟ್ಟು ಸನ್ಮಾನಿಸುತ್ತೇವೆ. ಮುಂದಿನ ಬಾರಿ ಶಾಲಿನ ಜತೆಗೆ ಒಂದು ಮನವಿ ಪತ್ರವನ್ನೂ ಕೊಡೋಣ. ಅದರಲ್ಲಿ ಈ ನಾಲ್ಕು ಮಾತು ಇರಲಿ.

ಒಂದು, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಲ್ಲಿ ಗಣಿ ಮತ್ತು ಅದಿರು ದಾಸ್ತಾನಿನಿಂದ ಕೆಟ್ಟ, ಅರಣ್ಯವಲ್ಲದ ಬಯಲು ನೆಲದ ಪೂರ್ಣ ಪಟ್ಟಿಯನ್ನು ಪ್ರಕಟಿಸಬೇಕು. ಬದಲಿ ನಿಲ್ದಾಣಕ್ಕೆ ಆ ಪಟ್ಟಿಯಿಂದಲೇ ಹುಡುಕಾಟ ಆರಂಭವಾಗಬೇಕು. ಎರಡು, ಆಯ್ಕೆಯಾದ ನೆಲದ ಮಣ್ಣು, ಕುಸಿತ, ನೀರು, ಗಾಳಿಗಳನ್ನು ಕಡಿಮೆಯೆಂದರೂ ಎರಡು ಮಳೆಗಾಲ ಸ್ವತಂತ್ರ ತಜ್ಞರು ಅಳೆದು ನೋಡಬೇಕು, ವರದಿ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಬೇಕು. ಶಂಕುಸ್ಥಾಪನೆ ಅದರ ನಂತರ, ಚುನಾವಣೆಯ ಮೊದಲು ಎಂಬ ಲೆಕ್ಕದಲ್ಲಲ್ಲ. ಮೂರು, ಚಾಗನೂರು-ಸಿರಿವಾರದ ನೆಲದ ಬಗ್ಗೆ ಹೌದು ಅಥವಾ ಅಲ್ಲ ಎಂಬ ಉತ್ತರ ದಿನಾಂಕ ಸಮೇತ ರೈತರಿಗೆ ಸಿಗಬೇಕು. ನಾಲ್ಕು, ಬದಲಿ ನಿಲ್ದಾಣ ಬಂದ ದಿನ ಕಂಟೋನ್ಮೆಂಟಿನ ಹಳೆಯ ನೆಲ ಸೈಟುಗಳಾಗಿ ಹರಾಜಾಗದೆ ಊರಿನ ಮಕ್ಕಳಿಗೆ, ಗಿಡಮರಗಳಿಗೆ ಉಳಿಯಬೇಕು.

ಎರಡು ಮಳೆಗಾಲ ತಡವಾಯಿತು ಎಂದು ಕೆಲವರು ಗೊಣಗಬಹುದು. ಹದಿನೈದು ವರ್ಷ ವ್ಯರ್ಥವಾದದ್ದು ಅವಸರದಿಂದಲೇ ಹೊರತು ಎಚ್ಚರದಿಂದಲ್ಲ ಎಂದು ಅವರಿಗೆ ನೆನಪಿಸಬೇಕು. ಅಂದು ಹೊಲದವರನ್ನು ಕೇಳದೆ ಗೆರೆ ಎಳೆದರು, ಆ ಗೆರೆ ಈವರೆಗೂ ರನ್‌ವೇ ಆಗಲಿಲ್ಲ.

ಚಹಾದ ಹೊತ್ತಿನಲ್ಲಿ ಪ್ರಶ್ನೆ ಕೇಳಿದ ಆ ಹಿರಿಯರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ಸಭೆಯಲ್ಲಿ ಕೊಡುತ್ತೇನೆ: "ಯಾವಾಗ ಎಂದು ನನಗೆ ಗೊತ್ತಿಲ್ಲ ಸ್ವಾಮಿ. ಎಲ್ಲಿ ಆಗಬೇಕೆಂದು ಗೊತ್ತು, ಹೇಗೆ ಆಗಬೇಕೆಂದೂ ಗೊತ್ತು. ಮನವಿಗೆ ನಿಮ್ಮದೂ ಒಂದು ಸಹಿ ಹಾಕಿ." ನನ್ನ ತಂಗಿಯ ಮಾವನವರ ಹೊಲದಲ್ಲಿ ಭತ್ತ ಕೊಯ್ಯುವ ಹೊತ್ತಿಗೆ, ಆ ಕಡೆಯ ಹಾಳು ಬಯಲಿನಲ್ಲಿ ಮುಂಬಯಿಯ ವಿಮಾನವೊಂದು ಸುರಕ್ಷಿತವಾಗಿ ಇಳಿಯುವ ದಿನ ಬರಲಿ ಎಂಬುದು ನನ್ನ ಆಸೆ. ಸಂಘದ ಬಂಧುಗಳು ಈ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ವಿನಂತಿ.